ನಿಂತ ಹಡಗಿಗೆ ಉಗಿ ಏಕೆ? ಚಾರ್ಲ್ಸ್‌ಟನ್ ಅಳಿವೆಯ ಮುಂದೆ ಹೂಸಟಾನಿಕ್‌ನ 17 ತಿಂಗಳು

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರ ಉಗಿಹಡಗುಗಳು ದಕ್ಷಿಣದ ಬಂದರುಗಳ ಮುಂದೆ ತಿಂಗಳುಗಟ್ಟಲೆ ಲಂಗರು ಹಾಕಿ ಕಾವಲು ನಿಂತಿದ್ದವು ಎಂದು ಓದಿದೆ. ನಿಂತೇ ಇರುವ ಹಡಗಿಗೆ ಉಗಿ ಏಕೆ ಬೇಕು? ಅಷ್ಟು ಕಲ್ಲಿದ್ದಲು ಎಲ್ಲಿಂದ ಬರುತ್ತಿತ್ತು? ಅಂಥದ್ದೊಂದು ಯುದ್ಧನೌಕೆಯನ್ನು ಕೈಯಿಂದ ತಿರುಗಿಸುವ ಜಲಾಂತರ್ಗಾಮಿ ಮುಳುಗಿಸಿತಂತೆ. ಅದು ಹೇಗೆ ಸಾಧ್ಯವಾಯಿತು?

ಉತ್ತರ: ನೀವು ಹೇಳುತ್ತಿರುವ ಹಡಗಿನ ಹೆಸರು ಹೂಸಟಾನಿಕ್. ನಿಮ್ಮ ಮೂರು ಪ್ರಶ್ನೆಗಳಿಗೂ ಇದೊಂದೇ ಹಡಗಿನ ಸೇವಾವಧಿಯಲ್ಲಿ ಉತ್ತರ ಸಿಗುತ್ತದೆ. ಮೊದಲ ಪ್ರಶ್ನೆಗೆ ಚುಟುಕಾಗಿ ಹೇಳುವುದಾದರೆ, ಕಾವಲು ಹಡಗಿನ ಬೆಲೆ ಇದ್ದದ್ದು ಅದು ಎಷ್ಟು ವೇಗವಾಗಿ ಓಡುತ್ತದೆ ಎಂಬುದರಲ್ಲಲ್ಲ, ನಿಂತಲ್ಲಿಂದ ಎಷ್ಟು ಬೇಗ ಹೊರಡುತ್ತದೆ ಎಂಬುದರಲ್ಲಿ. ಬಾಯ್ಲರಿನ ಕೆಳಗೆ ಬೆಂಕಿ ಆರಿದ್ದರೆ ಹಡಗು ಹೊರಡಲು ಹಲವು ಗಂಟೆ ಬೇಕು. ಕಾವಲು ತಪ್ಪಿಸಿ ಬಂದರಿಗೆ ಸರಕು ಸಾಗಿಸುವ ಕಳ್ಳಹಡಗು ಕಣ್ಣಿಗೆ ಬಿದ್ದು ಮರೆಯಾಗಲು ಹತ್ತು ನಿಮಿಷ ಸಾಕು.

ಹಿನ್ನೆಲೆ ಸ್ವಲ್ಪ ಬೇಕು. 1861ರ ಏಪ್ರಿಲ್ 19ರಂದು ಅಧ್ಯಕ್ಷ ಲಿಂಕನ್ ದಕ್ಷಿಣದ ಬಂದರುಗಳ ದಿಗ್ಬಂಧನ ಘೋಷಿಸಿದರು. ಕಾಯಬೇಕಾದ ಕರಾವಳಿ ಸುಮಾರು 3,500 ಮೈಲಿ. ಆಗ ಅಮೆರಿಕದ ನೌಕಾಪಡೆಯ ಪಟ್ಟಿಯಲ್ಲಿದ್ದ ಹಡಗುಗಳು 90ರ ಆಸುಪಾಸು. ಅದರಲ್ಲಿ ಸೇವೆಯಲ್ಲಿದ್ದವು 42, ಅವುಗಳಲ್ಲೂ ಬಹುಪಾಲು ದೂರದೇಶಗಳ ನೀರಿನಲ್ಲಿ. ಘೋಷಿಸಿ ಸುಮ್ಮನಿರುವಂತೆಯೂ ಇರಲಿಲ್ಲ. 1856ರ ಪ್ಯಾರಿಸ್ ಘೋಷಣೆಯ ಪ್ರಕಾರ ದಿಗ್ಬಂಧನವೆಂದರೆ ಕಾಗದದ ಮೇಲಿನ ಮಾತಲ್ಲ. ಬಂದರಿನ ಎದುರು ಹಡಗುಗಳು ನಿಜಕ್ಕೂ ನಿಂತು ತಡೆದರೆ ಮಾತ್ರ ಬೇರೆ ದೇಶಗಳು ಅದಕ್ಕೆ ಮರ್ಯಾದೆ ಕೊಡಬೇಕು. ಅಮೆರಿಕ ಆ ಘೋಷಣೆಗೆ ಸಹಿ ಹಾಕಿರಲಿಲ್ಲ, ಆದರೆ ಬ್ರಿಟನ್ ಮತ್ತು ಫ್ರಾನ್ಸ್ ಅದೇ ಅಳತೆಗೋಲಿನಿಂದ ನೋಡುತ್ತಿದ್ದವು. ಹಾಗಾಗಿ ಗಾಳಿ ಬೀಸಿದ ಕಡೆ ಹೋಗುವ ಹಾಯಿಹಡಗುಗಳನ್ನು ನಂಬಿ ಕೂರುವಂತಿರಲಿಲ್ಲ. ಸಿಕ್ಕ ದೋಣಿ, ವ್ಯಾಪಾರಿ ಸ್ಟೀಮರುಗಳನ್ನೆಲ್ಲ ಕೊಂಡು ಫಿರಂಗಿ ಏರಿಸಿದರು. ಜೊತೆಗೆ ಹೊಸ ಉಗಿಹಡಗುಗಳನ್ನು ಕಟ್ಟಲು ಕೂತರು.

ಹೂಸಟಾನಿಕ್ ಆ ಹೊಸ ಸಾಲಿನದು. ಮರದ ಒಡಲು, ಒಂದೇ ಪ್ರೊಪೆಲ್ಲರ್, ಜೊತೆಗೆ ಪೂರ್ತಿ ಹಾಯಿ. 1861ರ ನವೆಂಬರ್ 20ರಂದು ಬಾಸ್ಟನ್‌ನ ನೌಕಾ ಕಟ್ಟೆಯಲ್ಲಿ ನೀರಿಗಿಳಿದು, 1862ರ ಆಗಸ್ಟ್ 29ರಂದು ಕಮಾಂಡರ್ ವಿಲಿಯಂ ರೋಜರ್ಸ್ ಟೇಲರ್ ಅವರ ಕೈಕೆಳಗೆ ಸೇವೆಗೆ ಸೇರಿತು. ತೂಕ 1,240 ಟನ್, ಉದ್ದ ಸುಮಾರು 205 ಅಡಿ, ಅಗಲ 38 ಅಡಿ, ವೇಗ 9 ನಾಟ್ (ಗಂಟೆಗೆ 9 ಕಡಲ ಮೈಲಿ), ಸಿಬ್ಬಂದಿ 160. ಫಿರಂಗಿಗಳಲ್ಲಿ ದೊಡ್ಡವು ಎರಡು: 100 ಪೌಂಡಿನ ಗುಂಡು ಹಾರಿಸುವ ಒಂದು ಪ್ಯಾರಟ್, 11 ಅಂಗುಲ ಬಾಯಿಯ ಒಂದು ಡಾಲ್‌ಗ್ರೆನ್. ಡಾಲ್‌ಗ್ರೆನ್ ಒಂದರ ತೂಕವೇ ಏಳು ಟನ್ನಿನಷ್ಟು. ಇಂಥ ಭಾರದ ಫಿರಂಗಿಯನ್ನು ಡೆಕ್ಕಿನಲ್ಲಿ ಹುದುಗಿಸಿದ ಬಳಸು ಹಳಿಗಳ ಮೇಲೆ ಕೂರಿಸಿ, ಎಡಬಲಕ್ಕೆ ತಿರುಗಿಸುವಂತೆ ಮಾಡಿರುತ್ತಿದ್ದರು. ದೂರದ ಗುರಿಗೆ ಇದು ಒಳ್ಳೆಯ ವ್ಯವಸ್ಥೆ. ಹಡಗಿನ ಮಗ್ಗುಲಿಗೇ ಬಂದ ವಸ್ತುವಿನತ್ತ ಇದರ ಮೂತಿಯನ್ನು ಬಗ್ಗಿಸಲು ಆಗುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸೆಪ್ಟೆಂಬರ್ 19ಕ್ಕೆ ಹಡಗು ದಕ್ಷಿಣ ಕೆರೊಲೈನಾದ ಚಾರ್ಲ್ಸ್‌ಟನ್ ಮುಂದೆ ಬಂದು ಲಂಗರು ಇಳಿಸಿತು. ಚಾರ್ಲ್ಸ್‌ಟನ್ ಅಳಿವೆಯ ಮುಂದೆ ಕೆಲವು ಮೈಲಿ ಹೊರಗೆ ಮರಳಿನ ದಿಬ್ಬಗಳ ಸಾಲು ಇದೆ. ದೊಡ್ಡ ಹಡಗು ಒಳಗೆ ಹೋಗಬೇಕಾದರೆ ದಿಬ್ಬಗಳ ನಡುವಿನ ಕೆಲವೇ ಕಾಲುವೆಗಳಲ್ಲಿ, ಅದೂ ಉಬ್ಬರ ನೋಡಿಕೊಂಡು ಹೋಗಬೇಕು. ಮುಖ್ಯ ಕಾಲುವೆ ದಕ್ಷಿಣಕ್ಕೆ. ಉತ್ತರಕ್ಕೆ ಸಲ್ಲಿವನ್ ದ್ವೀಪದ ದಡಕ್ಕೆ ಅಂಟಿಕೊಂಡಂತೆ ಇನ್ನೊಂದು. 1861ರ ಕೊನೆ ಮತ್ತು 1862ರ ಆರಂಭದಲ್ಲಿ ಹಳೆಯ ತಿಮಿಂಗಿಲ ಬೇಟೆಯ ಹಡಗುಗಳಿಗೆ ಕಲ್ಲು ತುಂಬಿ ಈ ಕಾಲುವೆಗಳಲ್ಲಿ ಮುಳುಗಿಸಿ ಬಾಯಿ ಮುಚ್ಚಲು ನೋಡಿದರು. ಮರಳಿನ ತಳದಲ್ಲಿ ಹಡಗುಗಳು ಹೂತುಹೋದವು, ಪ್ರವಾಹ ಪಕ್ಕದಲ್ಲೇ ಹೊಸ ದಾರಿ ಕೊರೆಯಿತು. ಆಮೇಲೆ ಉಳಿದದ್ದು ಹಡಗುಗಳನ್ನು ಕಮಾನಿನಂತೆ ನಿಲ್ಲಿಸಿ ಕಾಯುವುದೊಂದೇ.

ಈಗ ಉಗಿಯ ವಿಷಯ. ರಾತ್ರಿಯಿಡೀ ಪೂರ್ಣ ಬೆಂಕಿ ಹಚ್ಚಿಟ್ಟರೆ ಕಲ್ಲಿದ್ದಲು ಮುಗಿಯುತ್ತದೆ, ಆರಿಸಿದರೆ ಹಡಗು ಕಟ್ಟಿಹಾಕಿದಂತೆ. ಇವೆರಡರ ನಡುವಿನ ದಾರಿ ಬೆಂಕಿ ಮುಚ್ಚಿಡುವುದು. ಉರಿಯುವ ಕೆಂಡವನ್ನು ಕುಲುಮೆಯ ಹಿಂಗೋಡೆಯ ಕಡೆಗೆ ತಳ್ಳಿ ರಾಶಿ ಮಾಡಿ, ಅದರ ಮೇಲೆ ಒದ್ದೆ ಮಾಡಿದ ಪುಡಿ ಕಲ್ಲಿದ್ದಲು ಹಾಗೂ ಬೂದಿ ಮುಚ್ಚಿ, ಬೂದಿಗುಂಡಿಯ ಬಾಗಿಲು ಮತ್ತು ಹೊಗೆಕೊಳವೆಯ ತಡೆಯನ್ನು ಬಹುತೇಕ ಮುಚ್ಚುತ್ತಾರೆ. ಗಾಳಿ ಸಿಗದ ಕೆಂಡ ಗಂಟೆಗಟ್ಟಲೆ ಆರದೆ ಉಳಿಯುತ್ತದೆ. ರಾತ್ರಿ ಒಲೆಯಲ್ಲಿ ಕೆಂಡವನ್ನು ಬೂದಿಯಡಿ ಮುಚ್ಚಿಟ್ಟು ಬೆಳಿಗ್ಗೆ ಊದಿ ಎಬ್ಬಿಸುತ್ತಿದ್ದರಲ್ಲ, ಅದೇ ಉಪಾಯ, ಅಳತೆ ಮಾತ್ರ ಟನ್ನುಗಳದು. ಹೂಸಟಾನಿಕ್‌ನಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರ ತನಕ ದಪ್ಪನಾಗಿ ಮುಚ್ಚಿದ ಬೆಂಕಿ ಇಟ್ಟು, ಬಾಯ್ಲರಿನಲ್ಲಿ ಚದರ ಅಂಗುಲಕ್ಕೆ 25 ಪೌಂಡ್ ಒತ್ತಡ ಉಳಿಸಿಕೊಳ್ಳಬೇಕೆಂದು ಕಟ್ಟಪ್ಪಣೆ ಇತ್ತು. ಅಷ್ಟು ಒತ್ತಡವಿದ್ದರೆ ಎಂಜಿನ್ನಿನ ಕವಾಟ ತೆರೆದ ಕ್ಷಣವೇ ಪ್ರೊಪೆಲ್ಲರ್ ತಿರುಗುತ್ತದೆ. ಹಡಗು ಚಲಿಸುತ್ತಿರುವಾಗಲೇ ಕೆಂಡ ಹರಡಿ ಪೂರ್ಣ ಬೆಂಕಿ ಎಬ್ಬಿಸಬಹುದು.

ಮುಚ್ಚಿದ ಬೆಂಕಿಗೂ ಅದರದೇ ಕಾಟಗಳಿವೆ. ಬಾಯ್ಲರ್ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಣ್ಣಗೆ ಉಳಿಯುವುದರಿಂದ ಕಬ್ಬಿಣ ಸಮನಾಗಿ ಹಿಗ್ಗುವುದಿಲ್ಲ. ನಳಿಗೆಗಳು ತಗಡಿಗೆ ಸೇರುವ ಕಡೆ ಸಂದು ಬಿಟ್ಟು ಸೋರತೊಡಗುತ್ತವೆ. ಬೂದಿ ಕರಗಿ ಗಟ್ಟಿಯಾದ ಕಿಟ್ಟ ಕಬ್ಬಿಣದ ಸರಳುಗಳಿಗೆ ಅಂಟಿ ಗಾಳಿಯ ದಾರಿ ಕಟ್ಟುತ್ತದೆ. ಬೆಳಗಾದ ಮೇಲೆ ಒಂದೊಂದೇ ಕುಲುಮೆ ಬಿಚ್ಚಿ ಅದನ್ನು ಕಿತ್ತು ಹೊರಗೆಳೆಯಬೇಕು. ಬಳಸುತ್ತಿದ್ದದ್ದು ಪೆನ್ಸಿಲ್ವೇನಿಯದ ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲು. ಇದು ಹೊಗೆ ಬಿಡುವುದಿಲ್ಲ, ಕಾವಲಿಗೆ ಹೇಳಿ ಮಾಡಿಸಿದ್ದು. ಆದರೆ ಬೇಗ ಹೊತ್ತಿಕೊಳ್ಳುವುದೂ ಇಲ್ಲ. ಇದರ ಬೆಂಕಿಯನ್ನು ದಪ್ಪ ಹಾಸಿ ಸುಮ್ಮನೆ ಬಿಡಬೇಕು, ಮೆದು ಕಲ್ಲಿದ್ದಲನ್ನು ಕೆದಕುವಂತೆ ಪದೇ ಪದೇ ಕೆದಕಿದರೆ ಕಿಟ್ಟ ಹೆಚ್ಚಿ ಬೆಂಕಿ ಕೆಡುತ್ತದೆ. ಹೊಸಬ ಫೈರ್‌ಮನ್‌ಗಳು (ಕುಲುಮೆಯ ಬೆಂಕಿ ನೋಡಿಕೊಳ್ಳುವವರು) ಎಡವುತ್ತಿದ್ದದ್ದು ಇಲ್ಲೇ.

ಕಲ್ಲಿದ್ದಲಿಗಿಂತ ದೊಡ್ಡ ತಲೆನೋವು ನೀರು. ಸಮುದ್ರದ ನೀರನ್ನೇ ಬಾಯ್ಲರಿಗೆ ಹಾಕುವ ಪದ್ಧತಿ ಆಗ ವ್ಯಾಪಕವಾಗಿತ್ತು. ಸಮುದ್ರದ ನೀರಿನ 32 ಪಾಲಿನಲ್ಲಿ ಒಂದು ಪಾಲು ಉಪ್ಪು. ಉಗಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿದು ಗಟ್ಟಿಯಾಗುತ್ತ ಹೋಗುತ್ತದೆ. ಎಂಜಿನಿಯರರು ತೇಲುವ ಮಾಪಕದಿಂದ ಬಾಯ್ಲರಿನ ನೀರು ಪರೀಕ್ಷಿಸುತ್ತ, ಉಪ್ಪು 32ಕ್ಕೆ 2 ಪಾಲು ಮುಟ್ಟುತ್ತಿದ್ದಂತೆ ತಳದ ಕವಾಟ ತೆರೆದು ಒಂದಿಷ್ಟು ನೀರನ್ನು ಕಡಲಿಗೆ ಬಿಡುತ್ತಿದ್ದರು. ಲೆಕ್ಕ ಹಾಕಿ ನೋಡಿ: ಒಳಗೆ ಬರುವ ನೀರಿನಲ್ಲಿ ಒಂದು ಪಾಲು ಉಪ್ಪು, ಹೊರಗೆ ಹೋಗುವ ನೀರಿನಲ್ಲಿ ಎರಡು ಪಾಲು. ಉಪ್ಪು ಅಷ್ಟಕ್ಕೇ ನಿಲ್ಲಬೇಕಾದರೆ ಹಾಕಿದ ನೀರಿನಲ್ಲಿ ಅರ್ಧವನ್ನು ಹೊರಚೆಲ್ಲಬೇಕು. ಅಂದರೆ ಒಂದು ಟನ್ ನೀರು ಉಗಿಯಾದರೆ ಇನ್ನೊಂದು ಟನ್ ಕಾದ ನೀರು ಕಡಲ ಪಾಲು. 25 ಪೌಂಡ್ ಒತ್ತಡದಲ್ಲಿ ಆ ನೀರಿನ ಬಿಸಿ ಸುಮಾರು 130 ಡಿಗ್ರಿ ಸೆಲ್ಸಿಯಸ್. ಒಳಗೆ ಹಾಕುವ ನೀರು 40 ಡಿಗ್ರಿಯ ಆಸುಪಾಸಿನಲ್ಲಿದ್ದರೆ, ಉಗಿ ಮಾಡಲು ತಗಲುವ ಶಾಖದ ಎಂಟನೇ ಒಂದು ಪಾಲಿನಷ್ಟು ಹೀಗೇ ಹೋಗುತ್ತದೆ. ಉಳಿತಾಯ ಮಾಡಲು ನೀರು ಬಿಡುವುದನ್ನು ತಡಮಾಡಿದರೆ ಸುಣ್ಣದ ಹೆಪ್ಪು ನಳಿಗೆಗಳ ಮೇಲೆ ಕೂತು, ಬಿಸಿ ನೀರಿಗೆ ದಾಟದೆ, ಕಬ್ಬಿಣ ಕೆಂಪಾಗಿ ಉಬ್ಬಿ ಹರಿಯುತ್ತದೆ. ಉಗಿಯನ್ನು ತಣಿಸಿ ಸಿಹಿನೀರನ್ನೇ ವಾಪಸು ಬಾಯ್ಲರಿಗೆ ಕೊಡುವ ಮೇಲ್ಮೈ ಕಂಡೆನ್ಸರ್ ಆಗಲೇ ಬಂದಿತ್ತು. ಅದು ಒಂದು ರೋಗ ವಾಸಿಮಾಡಿ ಇನ್ನೊಂದನ್ನು ತಂದಿತು: ಸಿಲಿಂಡರಿಗೆ ಎರೆಯುತ್ತಿದ್ದ ಪ್ರಾಣಿಕೊಬ್ಬು ಆ ನೀರಿನೊಂದಿಗೆ ಬಾಯ್ಲರಿಗೆ ಸೇರಿ, ಕೊಳೆತು ಆಮ್ಲವಾಗಿ ಕಬ್ಬಿಣವನ್ನು ತಿನ್ನುತ್ತಿತ್ತು.

ಹಾಗಾಗಿ ದಿಗ್ಬಂಧನದ ಹಡಗುಗಳ ಇತಿಹಾಸವೆಂದರೆ ಬಹುಪಾಲು ರಿಪೇರಿಯ ಇತಿಹಾಸ. ಅದು ನಡೆಯುತ್ತಿದ್ದದ್ದು ಚಾರ್ಲ್ಸ್‌ಟನ್‌ನಿಂದ ನೈಋತ್ಯಕ್ಕೆ ಸುಮಾರು 50 ಕಡಲ ಮೈಲಿ ದೂರದ ಪೋರ್ಟ್ ರಾಯಲ್‌ನಲ್ಲಿ. 1861ರ ನವೆಂಬರ್ 7ರಂದು ಉತ್ತರದವರು ಅದನ್ನು ಗೆದ್ದುಕೊಂಡರು. ನನ್ನ ಎಣಿಕೆಯಲ್ಲಿ ಈ ಕರಾವಳಿಯ ಇಡೀ ದಿಗ್ಬಂಧನದಲ್ಲಿ ಇದಕ್ಕಿಂತ ಮುಖ್ಯವಾದ ಗೆಲುವು ಬೇರೆ ಇಲ್ಲ. ಅದಿಲ್ಲದಿದ್ದರೆ ಪ್ರತಿ ಹಡಗೂ ಕಲ್ಲಿದ್ದಲಿಗಾಗಿ ಚೆಸಪೀಕ್ ಕೊಲ್ಲಿಯ ತನಕ ಹೋಗಬೇಕಿತ್ತು. ಪೋರ್ಟ್ ರಾಯಲ್‌ನಲ್ಲಿ ಎರಡು ಹಳೆಯ ತಿಮಿಂಗಿಲ ಹಡಗುಗಳನ್ನು ಪಕ್ಕಪಕ್ಕ ಕಟ್ಟಿ, ಕುಲುಮೆ, ಲೇತು, ಎರಕದ ಸಲಕರಣೆ ಇಟ್ಟು ತೇಲುವ ವರ್ಕ್‌ಶಾಪ್ ಮಾಡಿದ್ದರು. ಅವುಗಳ ಹೆಸರು ಎಡ್ವರ್ಡ್ ಮತ್ತು ಇಂಡಿಯಾ.

ಕಲ್ಲಿದ್ದಲು ಫಿಲಡೆಲ್ಫಿಯಾದಿಂದ ಹಾಯಿಹಡಗುಗಳಲ್ಲಿ ಪೋರ್ಟ್ ರಾಯಲ್‌ಗೆ ಬರುತ್ತಿತ್ತು. ಅಳಿವೆಯ ಹೊರಗೆ ಅಲೆಗಳ ಏರಿಳಿತದಲ್ಲಿ ಎರಡು ಹಡಗುಗಳು ಮಗ್ಗುಲಿಗೆ ಮಗ್ಗುಲು ನಿಂತರೆ ಒಂದಕ್ಕೊಂದು ಬಡಿದು ಹಲಗೆ ಸೀಳುತ್ತವೆ. ಆದ್ದರಿಂದ ತುಂಬಿಸಿಕೊಳ್ಳಲು ಹಡಗುಗಳು ಕಾವಲು ಬಿಟ್ಟು ಸರದಿಯಲ್ಲಿ ಹೋಗಲೇಬೇಕು. ಎಷ್ಟು ಬೇಕಾಗುತ್ತಿತ್ತು ಎಂಬುದಕ್ಕೆ ಒಂದು ಅಂದಾಜು: ಆ ಕಾಲದ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ 3ರಿಂದ 5 ಪೌಂಡ್ ಕಲ್ಲಿದ್ದಲು ತಿನ್ನುತ್ತಿತ್ತು. 4 ಪೌಂಡ್ ಎಂದಿಟ್ಟುಕೊಂಡರೆ 700 ಅಶ್ವಶಕ್ತಿಯಲ್ಲಿ ಓಡುವ ಹಡಗಿಗೆ ದಿನಕ್ಕೆ 30 ಟನ್. ಬೆಂಕಿ ಮುಚ್ಚಿಟ್ಟು ನಿಂತರೆ ಇದರ ಸಣ್ಣ ಪಾಲು ಸಾಕು. ಲಂಗರು ಹಾಕಿ ಕಾಯುತ್ತಿದ್ದದ್ದು ಸೋಮಾರಿತನದಿಂದಲ್ಲ, ಈ ಲೆಕ್ಕದಿಂದ.

ಈ ಸರದಿಯನ್ನು ಎದುರಾಳಿಗಳೂ ಎಣಿಸುತ್ತಿದ್ದರು. 1863ರ ಜನವರಿ ಕೊನೆಯಲ್ಲಿ ಚಾರ್ಲ್ಸ್‌ಟನ್ ಮುಂದಿನ ಎರಡು ಬಲಿಷ್ಠ ಹಡಗುಗಳಾದ ಪೌಹಟಾನ್ ಮತ್ತು ಕ್ಯಾನನ್‌ಡೇಗ್ವಾ ಪೋರ್ಟ್ ರಾಯಲ್‌ಗೆ ಹೋಗಿದ್ದವು. 31ರ ನಸುಕಿನಲ್ಲಿ ಮಂಜಿನ ಮರೆಯಲ್ಲಿ ಪಾಮೆಟೊ ಸ್ಟೇಟ್ ಮತ್ತು ಚಿಕೋರಾ ಎಂಬ ದಕ್ಷಿಣದವರ ಎರಡು ಕಬ್ಬಿಣದ ಕವಚದ ಹಡಗುಗಳು ದಿಬ್ಬ ದಾಟಿ ಬಂದವು. ಪಾಮೆಟೊ ಸ್ಟೇಟ್ ಮರ್ಸಿಡಿಟಾ ಎಂಬ ಕಾವಲು ಹಡಗನ್ನು ಗುದ್ದಿ, ಹತ್ತಿರದಿಂದ ಹಾರಿಸಿದ ಒಂದೇ ಗುಂಡಿನಿಂದ ಅದರ ಬಾಯ್ಲರ್ ಒಡೆಯಿತು. ಕೀಸ್ಟೋನ್ ಸ್ಟೇಟ್ ಎಂಬ ಇನ್ನೊಂದು ಹಡಗಿನ ಉಗಿ ತುಂಬಿದ ಕೋಶಗಳಿಗೇ ಗುಂಡು ಬಿದ್ದು, ಸುಮಾರು 20 ಮಂದಿ ಸತ್ತರು. ಬಹಳ ಜನ ಸತ್ತದ್ದು ಸಿಡಿದ ಉಗಿಯಲ್ಲಿ ಬೆಂದು. ಸದಾ ಉಗಿ ತುಂಬಿಟ್ಟುಕೊಂಡಿರುವ ಮರದ ಹಡಗಿಗೆ ಇದೇ ಮರ್ಮಸ್ಥಾನ. ಆ ದಿನ ಅಲ್ಲಿ ಹಿರಿಯ ಅಧಿಕಾರಿಯಾಗಿದ್ದವರು ಹೂಸಟಾನಿಕ್‌ನ ಟೇಲರ್. ಬೆಳಕು ಹರಿದಾಗ ಹೂಸಟಾನಿಕ್ ಮುಂದೆ ಬಂದು ಹಿಂದಿರುಗುತ್ತಿದ್ದ ಎರಡೂ ಹಡಗುಗಳೊಂದಿಗೆ ಗುಂಡು ಬದಲಿಸಿತು. ದಿಗ್ಬಂಧನ ಮುರಿದಿದೆ ಎಂದು ಚಾರ್ಲ್ಸ್‌ಟನ್‌ನಲ್ಲಿ ದಕ್ಷಿಣದವರ ಜನರಲ್ ಬೋರಿಗಾರ್ಡ್ ಘೋಷಣೆ ಹೊರಡಿಸಿದರು. ಆ ಘೋಷಣೆಯನ್ನು ಬೇರೆ ದೇಶಗಳು ಒಪ್ಪಿದ್ದರೆ ಉತ್ತರದವರು ಕಾನೂನಿನ ಪ್ರಕಾರ ಹೊಸದಾಗಿ ನೋಟಿಸು ಕೊಟ್ಟು ಮತ್ತೆ ಶುರುಮಾಡಬೇಕಾಗುತ್ತಿತ್ತು. ಆದರೆ ಕಾವಲು ಹಡಗುಗಳು ಅಲ್ಲೇ ಕಣ್ಣಿಗೆ ಕಾಣುವಂತೆ ನಿಂತಿದ್ದರಿಂದ ಆ ಮಾತನ್ನು ಯಾರೂ ಒಪ್ಪಲಿಲ್ಲ.

ಇನ್ನು ಕಳ್ಳಹಡಗುಗಳು. ಬಹಾಮಾ ದ್ವೀಪಗಳ ನಸ್ಸಾವ್ ಬಂದರಿನಿಂದ ಚಾರ್ಲ್ಸ್‌ಟನ್‌ಗೆ 500 ಕಡಲ ಮೈಲಿಗೆ ಸ್ವಲ್ಪ ಹೆಚ್ಚು. ಅಮಾವಾಸ್ಯೆಯ ಆಸುಪಾಸು, ರಾತ್ರಿ ಉಬ್ಬರ ಇರುವ ಹೊತ್ತು ನೋಡಿ ಬರುತ್ತಿದ್ದವು. ನೀರಿಗೆ ತಗ್ಗಾದ ಉದ್ದನೆಯ ಒಡಲು, ಮಂಜಿನಂಥ ಬೂದುಬಣ್ಣ, ಮಡಚಿ ಇಳಿಸಬಹುದಾದ ಹೊಗೆಕೊಳವೆ. ಹೆಚ್ಚಾದ ಉಗಿಯನ್ನು ಸದ್ದಾಗದಂತೆ ನೀರಿನಡಿಗೆ ಬಿಡುತ್ತಿದ್ದವು. ಅವಕ್ಕೂ ಆಂಥ್ರಸೈಟ್ ಬೇಕು. ಮೆದು ಕಲ್ಲಿದ್ದಲಾದರೆ ಬೆಳಗಾಗುತ್ತಿದ್ದಂತೆ ಕರಿಹೊಗೆ ಮೈಲುಗಟ್ಟಲೆ ದೂರಕ್ಕೆ ಗುಟ್ಟು ರಟ್ಟು ಮಾಡುತ್ತದೆ. ಬೆನ್ನಟ್ಟಿದಾಗ ಒತ್ತಡ ಏರಿಸಲು ಟರ್ಪೆಂಟೈನ್‌ನಲ್ಲಿ ಅದ್ದಿದ ಹತ್ತಿಯನ್ನೇ ಕುಲುಮೆಗೆ ತುರುಕಿದ್ದೂ ಉಂಟು. 9 ನಾಟ್ ಓಡುವ ಹೂಸಟಾನಿಕ್ 13, 14 ನಾಟ್‌ನ ಇಂಥ ಹಡಗನ್ನು ಬೆನ್ನಟ್ಟಿ ಹಿಡಿಯುವುದು ಆಗದ ಮಾತು. ಮುಂದೆಯೇ ಇದ್ದು ದಾರಿ ಕಟ್ಟಬೇಕು, ಇಲ್ಲವೆ ದಡದ ಮರಳಿಗೆ ಓಡಿಸಬೇಕು. ಅದಕ್ಕೇ ಹೇಳಿದ್ದು, ಹೊರಡುವ ನಿಮಿಷವೇ ಎಲ್ಲ ಎಂದು.

ಒಂದು ಹಡಗು ಕಂಡದ್ದನ್ನು ಇನ್ನೊಂದಕ್ಕೆ ತಿಳಿಸಲು ಕಾಸ್ಟನ್ ದೀಪಗಳಿದ್ದವು. ಕೆಂಪು, ಬಿಳಿ, ಹಸಿರು ಬಣ್ಣದಲ್ಲಿ ಕೆಲವು ಸೆಕೆಂಡು ಉರಿಯುವ ಬತ್ತಿಗಳು. ಬಣ್ಣಗಳ ಜೋಡಣೆಯೇ ಸಂಕೇತ. ಅದರ ಜೊತೆಗೆ ಕಳ್ಳಹಡಗು ಓಡುತ್ತಿರುವ ದಿಕ್ಕಿಗೆ ಬಾಣಬಿರುಸು. ಕಳ್ಳಹಡಗಿನವರು ಸುಮ್ಮನಿರುತ್ತಾರೆಯೇ? ಅವರೂ ಬಿರುಸುಗಳನ್ನು ಇಟ್ಟುಕೊಂಡು ತಾವು ಹೋಗುವ ದಿಕ್ಕು ಬಿಟ್ಟು ಅಡ್ಡದಿಕ್ಕಿಗೆ ಹಾರಿಸಿ ಕಾವಲಿನವರನ್ನು ದಾರಿ ತಪ್ಪಿಸುತ್ತಿದ್ದರು.

ಹೂಸಟಾನಿಕ್ ಹಿಡಿದದ್ದು ದೊಡ್ಡ ಪಟ್ಟಿಯೇನಲ್ಲ. 1863ರ ಏಪ್ರಿಲ್ 19ರಂದು ಹತ್ತಿ ಮತ್ತು ಟರ್ಪೆಂಟೈನ್ ಹೊತ್ತು ಹೊರಬರುತ್ತಿದ್ದ ನೆಪ್ಚೂನ್ ಎಂಬ ಹಾಯಿದೋಣಿ. ಮೇ 15ರಂದು ಸೆಸೆಷ್ ಎಂಬ ಕಳ್ಳಹಡಗನ್ನು ಹಿಡಿದಾಗ ಅದರಲ್ಲೂ ಪಾಲು. ಜುಲೈನಿಂದ ಮಾರಿಸ್ ದ್ವೀಪದಲ್ಲಿದ್ದ ದಕ್ಷಿಣದವರ ವ್ಯಾಗ್ನರ್ ಕೋಟೆಯ ಮೇಲಿನ ದಾಳಿಗಳ ಕಾಲದಲ್ಲಿ ಅದರ ದೋಣಿಗಳಿಗೂ ಖಲಾಸಿಗಳಿಗೂ ಕೈತುಂಬ ಕೆಲಸವಿತ್ತು. ಉಳಿದಂತೆ ಕಾಯುವುದು. ಜನ ಅದನ್ನು ಸಹಿಸಿಕೊಂಡದ್ದಕ್ಕೆ ಒಂದು ಕಾರಣ ಹಿಡಿದ ಹಡಗಿನ ಹಣ. ಹಿಡಿದ ಹಡಗನ್ನು ಸರಕು ಸಮೇತ ಫಿಲಡೆಲ್ಫಿಯಾ, ನ್ಯೂಯಾರ್ಕ್, ಕೀ ವೆಸ್ಟ್‌ನಂಥ ಊರಿನ ನ್ಯಾಯಾಲಯಕ್ಕೆ ಒಪ್ಪಿಸಿ, ಹರಾಜು ಹಾಕಿ, ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ನೌಕಾ ಪಿಂಚಣಿ ನಿಧಿಗೆ, ಅರ್ಧ ಹಿಡಿದವರಿಗೆ. ಒಂದು ಲಕ್ಷ ಡಾಲರ್ ಉಳಿಯಿತೆನ್ನಿ. ಹಿಡಿದವರ ಪಾಲು 50,000. ಅದರ ಇಪ್ಪತ್ತನೇ ಒಂದು ಭಾಗ, 2,500 ಡಾಲರ್, ದಡದಲ್ಲೋ ದೊಡ್ಡ ಹಡಗಿನಲ್ಲೋ ಕೂತ ಅಡ್ಮಿರಲ್‌ಗೆ. ಹತ್ತನೇ ಒಂದು ಭಾಗ, 5,000, ಕ್ಯಾಪ್ಟನ್‌ಗೆ. ಮಿಕ್ಕದ್ದು ಸಂಬಳದ ಪ್ರಮಾಣದಲ್ಲಿ ಉಳಿದವರಿಗೆ. ಸಂಬಳವೆಂದರೆ ಹೊಸಬನಿಗೆ ತಿಂಗಳಿಗೆ 12 ಡಾಲರ್, ನುರಿತ ಖಲಾಸಿಗೆ 18, ಮೊದಲ ದರ್ಜೆಯ ಫೈರ್‌ಮನ್‌ಗೆ 30. ಬಾಯ್ಲರ್ ಕೋಣೆಯ ಸೆಕೆಗೆ ಅಷ್ಟಾದರೂ ಕೊಡಬೇಕಿತ್ತು. ಸಂಕೇತ ಕಾಣುವಷ್ಟು ದೂರದಲ್ಲಿದ್ದ ಇತರ ಹಡಗುಗಳಿಗೂ ಪಾಲುಂಟು. ಇದರಿಂದ ಜಗಳಗಳೂ ಆದವು; ಸಂಕೇತ ಕೊಟ್ಟರೆ ಪಾಲು ಹಂಚಬೇಕೆಂಬ ಲೆಕ್ಕಾಚಾರ ಯಾರ ತಲೆಯಲ್ಲೂ ಬಂದಿರಲಿಲ್ಲ ಎಂದು ನಂಬುವುದು ಕಷ್ಟ.

ಇಷ್ಟೆಲ್ಲ ಮಾಡಿ ದಿಗ್ಬಂಧನ ಫಲಿಸಿತೇ? ಇತಿಹಾಸಕಾರರ ಲೆಕ್ಕದಂತೆ ಸುಮಾರು 300 ಸ್ಟೀಮರುಗಳು ಒಟ್ಟು 1,300ರಷ್ಟು ಸಲ ದಾಟಲು ನೋಡಿ, ಸುಮಾರು 1,000 ಸಲ ದಾಟಿದವು. ಈ ಅಂಕಿ ಹಿಡಿದು ದಿಗ್ಬಂಧನ ತೂತುಮಡಕೆ ಎನ್ನುವವರಿದ್ದಾರೆ. ಅದು ಸರಿಯಲ್ಲ. ವೇಗಕ್ಕಾಗಿ ಕಟ್ಟಿದ ಕಳ್ಳಹಡಗು ಹೊರುತ್ತಿದ್ದದ್ದು ಕೆಲವು ನೂರರಿಂದ ಸಾವಿರದಷ್ಟು ಹತ್ತಿ ಬೇಲು. ಯುದ್ಧಕ್ಕೆ ಮುಂಚೆ ದಕ್ಷಿಣದಿಂದ ವರ್ಷಕ್ಕೆ ಮೂವತ್ತು ಲಕ್ಷಕ್ಕೂ ಮಿಕ್ಕಿ ಬೇಲು ಹೊರಗೆ ಹೋಗುತ್ತಿತ್ತು. ಅದನ್ನು ಒಯ್ಯುತ್ತಿದ್ದ ದೊಡ್ಡ ಹೊಟ್ಟೆಯ ನಿಧಾನದ ಹಾಯಿಹಡಗುಗಳು ಆ ಕಡೆಗೆ ತಲೆಹಾಕುವುದನ್ನೇ ಬಿಟ್ಟವು. ಎಣಿಸಬೇಕಾದದ್ದು ದಾಟಿ ಬಂದ ಹಡಗುಗಳನ್ನಲ್ಲ, ಬರದೇ ಹೋದವನ್ನು.

ಅದರ ಬಿಸಿ ನಮ್ಮ ಧಾರವಾಡಕ್ಕೂ ತಟ್ಟಿತು. ಮ್ಯಾಂಚೆಸ್ಟರಿನ ಗಿರಣಿಗಳು ಮುಕ್ಕಾಲು ಪಾಲು ಹತ್ತಿಗೆ ಅಮೆರಿಕವನ್ನೇ ನಂಬಿದ್ದವು. ಅದು ನಿಂತಾಗ ಬೊಂಬಾಯಿಯ ದರ ಗಗನಕ್ಕೇರಿತು. ಹುಬ್ಬಳ್ಳಿ-ಧಾರವಾಡ ಸುತ್ತ 1840ರ ದಶಕದಿಂದಲೇ ನ್ಯೂ ಆರ್ಲಿಯನ್ಸ್ ತಳಿಯ ಬೀಜ ಬಿತ್ತಿ ಬೆಳೆಯುತ್ತಿದ್ದ ಹತ್ತಿಗೆ ‘ಧಾರವಾಡ-ಅಮೆರಿಕನ್’ ಎಂದೇ ಹೆಸರಿತ್ತು. ಅದು ಘಟ್ಟ ಇಳಿದು ಕುಮಟಾದಿಂದ ಹಡಗೇರುತ್ತಿತ್ತು. ಕಾರವಾರದಲ್ಲಿ ಒಳ್ಳೆಯ ಬಂದರು ಮಾಡಿ ಅಲ್ಲಿಂದಲೇ ಸಾಗಿಸಬೇಕೆಂದು ಮ್ಯಾಂಚೆಸ್ಟರಿನ ಹತ್ತಿ ವ್ಯಾಪಾರಿಗಳು ಒತ್ತಾಯಿಸುತ್ತಿದ್ದ ಹೊತ್ತಿನಲ್ಲೇ, 1862ರಲ್ಲಿ, ಉತ್ತರ ಕನ್ನಡವನ್ನು ಮದ್ರಾಸ್‌ನಿಂದ ಬೊಂಬಾಯಿ ಪ್ರಾಂತಕ್ಕೆ ಸೇರಿಸಲಾಯಿತು. 1865ರಲ್ಲಿ ಯುದ್ಧ ಮುಗಿದದ್ದೇ ದರ ಕುಸಿದು ಬೊಂಬಾಯಿಯ ಎಷ್ಟೋ ಸಾಹುಕಾರರು ದಿವಾಳಿಯೆದ್ದರು.

ಕೊನೆಯ ಪ್ರಶ್ನೆಗೆ ಬರೋಣ. 1863ರ ಅಕ್ಟೋಬರ್ 5ರಂದು ಡೇವಿಡ್ ಎಂಬ ಪುಟ್ಟ ಉಗಿದೋಣಿ, ಮೂತಿಯ ಕೋಲಿಗೆ ಕಟ್ಟಿದ ಸಿಡಿಮದ್ದಿನಿಂದ ನ್ಯೂ ಐರನ್‌ಸೈಡ್ಸ್ ಎಂಬ ಭಾರಿ ಹಡಗನ್ನು ಗಾಯಗೊಳಿಸಿತ್ತು. 1864ರ ಜನವರಿ 7ರಂದು ಅಡ್ಮಿರಲ್ ಡಾಲ್‌ಗ್ರೆನ್ (ಮೇಲೆ ಹೇಳಿದ ಫಿರಂಗಿಯ ವಿನ್ಯಾಸಕಾರರೂ ಇವರೇ) ತಮ್ಮ ಹಡಗುಗಳಿಗೆ ಎಚ್ಚರಿಕೆ ಕಳಿಸಿದರು: ನೀರಿನಡಿ ಮುಳುಗಿ ಸಾಗುವ ದೋಣಿಯೂ ಇದೆಯಂತೆ, ಕಾಲುವೆಯ ಅತಿ ಆಳದ ಕಡೆ ಲಂಗರು ಹಾಕಬೇಡಿ, ತಳ ಹತ್ತಿರವಿದ್ದರೆ ಅದು ಹಡಗಿನ ಅಡಿಗೆ ತೂರಲಾರದು, ಮಗ್ಗುಲಿನಿಂದ ಮಾತ್ರ ಬರಬೇಕಾದೀತು. ಹೂಸಟಾನಿಕ್ ಅದರಂತೆಯೇ ಸುಮಾರು 28 ಅಡಿ ನೀರಿನಲ್ಲಿ ನಿಂತಿತ್ತು.

ಆ ದೋಣಿ ಹನ್ಲಿ. ಸುಮಾರು 40 ಅಡಿ ಉದ್ದದ ಕಬ್ಬಿಣದ ಕೊಳವೆ. ಒಳಗೆ ಏಳು ಜನ ಸಾಲಾಗಿ ಕೂತು ಒಂದೇ ಉದ್ದನೆಯ ಬಾಗುಸರಳನ್ನು ಕೈಯಿಂದ ತಿರುಗಿಸಿದರೆ ಪ್ರೊಪೆಲ್ಲರ್ ಸುತ್ತುತ್ತದೆ. ಎಂಟನೆಯವರು, ಲೆಫ್ಟಿನೆಂಟ್ ಜಾರ್ಜ್ ಡಿಕ್ಸನ್, ಚುಕ್ಕಾಣಿಯಲ್ಲಿ. ಮೂತಿಯ ಮುಂದೆ ಸುಮಾರು 16 ಅಡಿಯ ಕೋಲು, ಅದರ ತುದಿಗೆ 135 ಪೌಂಡ್ ಕಪ್ಪುಮದ್ದು. ಅದಕ್ಕೆ ಮುಂಚೆ ಅಭ್ಯಾಸದಲ್ಲೇ ಎರಡು ಸಲ ಮುಳುಗಿ 13 ಜನರನ್ನು ಬಲಿ ತೆಗೆದುಕೊಂಡಿತ್ತು, ಅದನ್ನು ಕಟ್ಟಿಸಿದ ಹೊರೇಸ್ ಹನ್ಲಿ ಅವರನ್ನೂ ಸೇರಿಸಿ.

1864ರ ಫೆಬ್ರವರಿ 17. ಬೆಳದಿಂಗಳು, ಶಾಂತ ಕಡಲು. ಆಗ ಹೂಸಟಾನಿಕ್‌ನ ಕಮಾಂಡರ್ ಚಾರ್ಲ್ಸ್ ಪಿಕರಿಂಗ್. ರಾತ್ರಿ ಸುಮಾರು 8.45ಕ್ಕೆ ಕಾವಲಿನಲ್ಲಿದ್ದ ರಾಬರ್ಟ್ ಫ್ಲೆಮಿಂಗ್ ಎಂಬ ಕಪ್ಪು ವರ್ಣೀಯ ಖಲಾಸಿ ಬಲಮಗ್ಗುಲಿನಲ್ಲಿ ಏನೋ ತೇಲಿಬರುತ್ತಿದೆ ಎಂದು ಕೂಗಿದ. ಡೆಕ್ಕಿನ ಹೊಣೆ ಹೊತ್ತಿದ್ದ ಜಾನ್ ಕ್ರಾಸ್ಬಿ ಕೂಡ ಅದನ್ನು ಸುಮಾರು 100 ಗಜ ದೂರದಲ್ಲಿ ಕಂಡರು. ಮೊದಲು ಉಸಿರಿಗೆ ಮೇಲೆದ್ದ ಹಂದಿಮೀನು ಅನ್ನಿಸಿತು. ಪಕ್ಕದಲ್ಲಿದ್ದವನನ್ನು ಕೇಳಿದರೆ ಇಳಿತದ ಸುಳಿಯಷ್ಟೇ ಎಂದ. ಮತ್ತೆ ನೋಡಿದಾಗ ನೀರಿನ ಮೇಲೆ ಒಂದು ಹಲಗೆ ನೇರ ಹಡಗಿಗೇ ಬರುತ್ತಿರುವಂತಿತ್ತು. ಕೂಡಲೇ ಆಜ್ಞೆಗಳು ಹೋದವು: ಸರಪಳಿ ಬಿಡಿ, ಎಂಜಿನ್ ಹಿಂದಕ್ಕೆ, ಎಲ್ಲರೂ ತಮ್ಮ ತಮ್ಮ ಜಾಗಕ್ಕೆ.

ಹಿಂದಕ್ಕೆ ಏಕೆ? ಲಂಗರನ್ನು ಎತ್ತಲು ಹೊತ್ತಿಲ್ಲದಾಗ ಸರಪಳಿಯ ಕೊಂಡಿಯ ಗೂಟ ಹೊಡೆದು ಬಿಡಿಸಿ ಸಮುದ್ರಕ್ಕೆ ಬಿಡುತ್ತಾರೆ; ಆಮೇಲೆ ಬಂದು ಹುಡುಕಲು ಅದಕ್ಕೊಂದು ಹಗ್ಗ ಮತ್ತು ತೇಲುಬುರುಡೆ ಕಟ್ಟಿರುತ್ತದೆ. ಮುಂದಕ್ಕೆ ಹೋದರೆ ಹಡಗು ಆ ಹಗ್ಗದ ಮೇಲೇ ಹಾದುಹೋಗುತ್ತದೆ. ಹಿಂದೊಮ್ಮೆ ಹಾಗಾಗಿ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಂಡಿತ್ತು, ಅಂದಿನಿಂದ ಎಂಜಿನ್ನನ್ನು ಹಿಂದಕ್ಕೆ ಓಡುವಂತೆಯೇ ಹೊಂದಿಸಿಡಲು ಹೇಳಿದ್ದೆ ಎಂದು ಪಿಕರಿಂಗ್ ವಿಚಾರಣೆಯಲ್ಲಿ ತಿಳಿಸಿದರು.

ಫಿರಂಗಿಗಳ ಮೂತಿ ಅಷ್ಟು ಕೆಳಕ್ಕೆ ಬಗ್ಗಲಿಲ್ಲ. ಬಂದೂಕುಗಳಿಂದ ಹೊಡೆದರು, ಪಿಕರಿಂಗ್ ತಮ್ಮ ಜೋಡಿನಳಿಗೆಯ ಬಂದೂಕಿನಿಂದ ಚರೆಗುಂಡು ಹಾರಿಸಿದರು. ಕೆಳಗೆ ಎಂಜಿನ್ ಕೋಣೆಯಲ್ಲಿ ಕರ್ತವ್ಯದಲ್ಲಿದ್ದ ಸಹಾಯಕ ಎಂಜಿನಿಯರ್ ಹೇಳಿಕೆ ಇದಕ್ಕಿಂತ ಸ್ಪಷ್ಟ. ಆಜ್ಞೆ ಬಂದೊಡನೆ ಉಗಿ ಬಿಟ್ಟರು, ಎಂಜಿನ್ ಹಿಂದಕ್ಕೆ ಮೂರು ನಾಲ್ಕು ಸುತ್ತು ತಿರುಗಿತು, ಅಷ್ಟರಲ್ಲಿ ಸ್ಫೋಟ. ನೀರು ನುಗ್ಗುವ ಸದ್ದು, ಮರ ಮತ್ತು ಲೋಹ ಮುರಿಯುವ ಸದ್ದು, ಮರುಗಳಿಗೆಯೇ ಎಂಜಿನ್ ಹುಚ್ಚು ವೇಗದಲ್ಲಿ ಸುತ್ತತೊಡಗಿತು, ಪ್ರೊಪೆಲ್ಲರ್ ಕಳಚಿ ಹೋದ ಹಾಗೆ. ಕವಾಟ ಮುಚ್ಚಿದರೂ ಹಿಡಿತಕ್ಕೆ ಬರಲಿಲ್ಲ. ಏಟು ಬಿದ್ದದ್ದು ಬಲಮಗ್ಗುಲಿಗೆ, ಹಿಂದಿನ ಹಾಯಿಕಂಬಕ್ಕೆ ತುಸು ಮುಂದೆ, ಮದ್ದಿನ ಕೋಣೆಯ ನೇರಕ್ಕೆ. ಕೆಲವೇ ನಿಮಿಷಗಳಲ್ಲಿ ಹಡಗು ಹಿಂಭಾಗ ಕೆಳಗಾಗಿ ತಳ ಕಂಡಿತು. ನೀರು 28 ಅಡಿಯಷ್ಟೇ ಇದ್ದದ್ದರಿಂದ ಹಾಯಿಕಂಬಗಳು ಮೇಲೆ ಉಳಿದವು, ಜನ ಹಗ್ಗಗಳನ್ನು ಹತ್ತಿ ಕೂತರು. ದೋಣಿಯೊಂದು ಕ್ಯಾನನ್‌ಡೇಗ್ವಾವನ್ನು ಮುಟ್ಟಿ ಸುದ್ದಿ ಕೊಟ್ಟ ಮೇಲೆ ಅದು ಬಂದು ಎಲ್ಲರನ್ನೂ ಇಳಿಸಿಕೊಂಡಿತು. ಸತ್ತವರು ಐವರು. ಆಳದ ನೀರಿಗೆ ಹೋಗಬೇಡಿ ಎಂಬ ಆಜ್ಞೆ ಹಡಗನ್ನು ಉಳಿಸಲಿಲ್ಲ, ಜನರನ್ನು ಉಳಿಸಿತು.

ಯಾರ ತಪ್ಪು? ವಾಬಾಷ್ ಹಡಗಿನಲ್ಲಿ ನಡೆದ ವಿಚಾರಣೆ ಯಾರ ಮೇಲೂ ಕ್ರಮ ಬೇಡವೆಂದಿತು. ನನಗೂ ಅದು ಸರಿಯೆನಿಸುತ್ತದೆ. 25 ಪೌಂಡ್ ಉಗಿ ಇತ್ತು, ಕಾವಲಿನವರು ಕಂಡಿದ್ದರು, ಸರಪಳಿ ಬಿಟ್ಟಾಗಿತ್ತು, ಎಂಜಿನ್ ತಿರುಗಿತ್ತು. 100 ಗಜವನ್ನು 3ರಿಂದ 4 ನಾಟ್ ವೇಗದಲ್ಲಿ ದಾಟಲು ಹನ್ಲಿಗೆ ಬೇಕಾದದ್ದು ಸುಮಾರು ಒಂದು ನಿಮಿಷ. 1,240 ಟನ್ನಿನ ಒಡಲು ನಿಂತಲ್ಲಿಂದ ಕದಲಿ ವೇಗ ಹಿಡಿಯಲು ಅದು ಸಾಲದು. ಮೈಲುಗಟ್ಟಲೆ ದೂರದಲ್ಲಿ ಹಾದುಹೋಗುವ ಕಳ್ಳಹಡಗಿಗೆ ಸಾಕಾಗುತ್ತಿದ್ದ ತಯಾರಿ, ತನ್ನತ್ತಲೇ ಬರುವ ಶತ್ರುವಿಗೆ ಸಾಲಲಿಲ್ಲ.

ಇದರ ನಂತರ ಹೊರಸಾಲಿನ ಹಡಗುಗಳು ರಾತ್ರಿ ಲಂಗರಿನಲ್ಲಿ ನಿಲ್ಲದೆ ಚಲಿಸುತ್ತಲೇ ಇರಬೇಕೆಂದಾಯಿತು. ಮೇಲೆ ಹೇಳಿದ ಕಲ್ಲಿದ್ದಲಿನ ಲೆಕ್ಕ ಬುಡಮೇಲಾಯಿತು. ಇಂಥ ದೋಣಿಯನ್ನು ಹಿಡಿದವರಿಗೋ ನಾಶ ಮಾಡಿದವರಿಗೋ 20,000ದಿಂದ 30,000 ಡಾಲರ್ ಬಹುಮಾನ ಇಡಬೇಕೆಂದು ಡಾಲ್‌ಗ್ರೆನ್ ಸೂಚಿಸಿದರು. ಹೊಡೆದದ್ದು ಡೇವಿಡ್ ಮಾದರಿಯ ದೋಣಿ ಎಂದೇ ಅವರು ಆಗ ತಿಳಿದಿದ್ದರು. ಹನ್ಲಿ ಆ ರಾತ್ರಿ ವಾಪಸಾಗಲಿಲ್ಲ. 1995ರಲ್ಲಿ ಹೂಸಟಾನಿಕ್ ಮುಳುಗಿದ ಜಾಗದ ಬಳಿಯಲ್ಲೇ ಅದು ಪತ್ತೆಯಾಯಿತು, 2000ದ ಆಗಸ್ಟ್ 8ರಂದು ಮೇಲೆತ್ತಿದರು. ಎಂಟೂ ಜನರ ಅವಶೇಷಗಳು ಒಳಗಿದ್ದವು. ಹೂಸಟಾನಿಕ್‌ಗೆ ಆ ಭಾಗ್ಯವಿರಲಿಲ್ಲ. ಹಡಗುಗಳ ದಾರಿಗೆ ಅಡ್ಡಿಯೆಂದು ಯುದ್ಧಾನಂತರ ಅದನ್ನು ಒಡೆದು ತಗ್ಗಿಸಿದರು, ಉಳಿದ ಅಡಿಭಾಗ ಚಾರ್ಲ್ಸ್‌ಟನ್ ಹೊರಗಿನ ಹೂಳಿನಲ್ಲಿದೆ.